ಊರು, ಪಟ್ಟಣ, ಗಣತಿ: ಸುರಪುರ ಸೀಮೆಯ ನೆಲೆಯಲ್ಲಿ ಗ್ರಾಮ–ನಗರ ವರ್ಗೀಕರಣದ ಚರಿತ್ರೆ

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನಾಳ ಗ್ರಾಮವು ನಾಡಿನ ಬಹುಮಂದಿಗೆ ಪರಿಚಿತವಾಗಿರುವುದು ಅದರ ಕೆರೆಯಿಂದ. ಸುರಪುರದ ನಾಯಕ ಅರಸರ ಕಾಲದ ಈ ವಿಶಾಲವಾದ ಕೆರೆ ಇಂದು ಪಕ್ಷಿಧಾಮವಾಗಿದೆ. ರಂಗನತಿಟ್ಟಿನ ನಂತರ ರಾಜ್ಯದ ಎರಡನೆಯ ದೊಡ್ಡ ಪಕ್ಷಿಧಾಮವೆಂದು ಇದನ್ನು ಹೇಳುವುದು ರೂಢಿ. ಕೆರೆ, ಕೆರೆಯ ಕೆಳಗಿನ ಭೂಮಿ, ಅದರಾಚೆಗಿನ ಒಣಬೇಸಾಯದ ಹೊಲಗಳು, ನಡುವೆ ಊರು – ಇದು ಬೋನಾಳದ ಸ್ವರೂಪ. ಇದನ್ನು ಗ್ರಾಮವೆನ್ನಲು ಯಾರಿಗೂ ಸಂದೇಹವಿಲ್ಲ. ಆದರೆ ‘ಗ್ರಾಮ’ ಎಂಬ ಈ ಹೆಸರು ಸರ್ಕಾರಿ ದಾಖಲೆಗಳಲ್ಲಿ ಯಾವ ಅಳತೆಗೋಲಿನಿಂದ ನಿಶ್ಚಿತವಾಗುತ್ತದೆ, ಆ ಅಳತೆಗೋಲು ಯಾವಾಗ, ಯಾವ ಉದ್ದೇಶಕ್ಕಾಗಿ ರೂಪುಗೊಂಡಿತು, ಅದರ ಫಲವನ್ನು ಯಾರು ಉಣ್ಣುತ್ತಾರೆ ಎಂಬ ಪ್ರಶ್ನೆಗಳು ಸುಲಭವಾದವುಗಳಲ್ಲ. ಬೋನಾಳ ಮತ್ತು ಅದರ ಸುತ್ತಲಿನ ಸುರಪುರ, ಶಹಾಪುರ ಪರಿಸರವನ್ನು ನೆಲೆಯಾಗಿಟ್ಟುಕೊಂಡು ಈ ವರ್ಗೀಕರಣದ ಚರಿತ್ರೆಯನ್ನು ಗುರುತಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪ್ರಾಚೀನ ಪರಿಭಾಷೆ

ಈ ಭಾಗವು ‘ಸಗರನಾಡು’ ಎಂದು ಪ್ರಸಿದ್ಧವಾದುದು. ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಕೆ. ಪದ್ದಯ್ಯನವರು ನಡೆಸಿದ ಸಂಶೋಧನೆಗಳಿಂದ ಇಲ್ಲಿನ ಮಾನವ ವಸತಿಯ ಇತಿಹಾಸವು ಹಳೆಯ ಶಿಲಾಯುಗದವರೆಗೆ ಹೋಗುತ್ತದೆಂಬುದು ಸಿದ್ಧಪಟ್ಟಿದೆ. ಶಾಸನಗಳ ಕಾಲಕ್ಕೆ ಬಂದರೆ ವಸತಿಗಳನ್ನು ಹೆಸರಿಸುವ ಸಮೃದ್ಧವಾದ ಪದಕೋಶವೇ ದೊರೆಯುತ್ತದೆ. ಅಯ್ಯಾವೊಳೆ ಐನೂರ್ವರ ಪ್ರಶಸ್ತಿಗಳಲ್ಲಿ ಗ್ರಾಮ, ನಗರ, ಖೇಡ, ಖರ್ವಡ, ಮಡಂಬ, ದ್ರೋಣಾಮುಖ, ಪತ್ತನ ಎಂಬ ಪಟ್ಟಿ ಮತ್ತೆ ಮತ್ತೆ ಬರುತ್ತದೆ. ಇವುಗಳ ನಡುವಣ ಭೇದವು ಜನಸಂಖ್ಯೆಯನ್ನು ಆಧರಿಸಿದುದಲ್ಲ. ನದಿಯ ದಂಡೆಯೋ ಬೆಟ್ಟದ ಬುಡವೋ, ಕೋಟೆ ಉಂಟೋ ಇಲ್ಲವೋ, ವರ್ತಕ ಸಮುದಾಯ ನೆಲೆಸಿದೆಯೋ ಇಲ್ಲವೋ ಎಂಬ ಗುಣಲಕ್ಷಣಗಳೇ ಅಲ್ಲಿ ಮುಖ್ಯ. ‘ನಗರ’ ಎಂಬ ಪದವು ಸ್ಥಳವನ್ನು ಮಾತ್ರವಲ್ಲದೆ ವರ್ತಕರ ಸಭೆಯನ್ನೂ ಸೂಚಿಸುತ್ತಿದ್ದುದು ಗಮನಾರ್ಹ. ಅಂದರೆ ಊರೊಂದು ನಗರವೆನಿಸುತ್ತಿದ್ದುದು ಅಲ್ಲಿದ್ದ ಸಂಸ್ಥೆಯಿಂದ, ತಲೆಯೆಣಿಕೆಯಿಂದಲ್ಲ.

ಇದೇ ಕಾರಣದಿಂದ ಕೃಷಿಯೇತರ ವೃತ್ತಿ ಎಂಬುದು ನಗರಕ್ಕೆ ಮಾತ್ರ ಮೀಸಲಾಗಿರಲಿಲ್ಲ. ನೇಕಾರ ವಚನಕಾರನಾದ ದೇವರ ದಾಸಿಮಯ್ಯನ ಊರೆಂದು ಪ್ರಸಿದ್ಧವಾದ ಮುದನೂರು ಈ ಸೀಮೆಯದೇ. ಮಗ್ಗ, ಗಾಣ, ಕಮ್ಮಟ, ಕುಲುಮೆಗಳು ಹಳ್ಳಿಯ ಅಂಗಗಳೇ ಆಗಿದ್ದವು. ಕೃಷಿಯೆಂದರೆ ಗ್ರಾಮ, ಉಳಿದ ಕಸುಬೆಂದರೆ ನಗರ ಎಂಬ ಸಮೀಕರಣ ಬಹಳ ಈಚಿನದು.

ರಾಜಧಾನಿ, ಪೇಠ, ಕಸಬೆ

ನಾಯಕ ಅರಸರ ಕಾಲದ ವಸತಿಗಳ ಚರಿತ್ರೆಯು ಮತ್ತೊಂದು ಸತ್ಯವನ್ನು ತೋರಿಸುತ್ತದೆ. ವಾಗಣಗೇರಾ ಈ ಅರಸರ ಬಲಿಷ್ಠ ನೆಲೆಯಾಗಿತ್ತು. 1705ರಲ್ಲಿ ಔರಂಗಜೇಬನು ಸ್ವತಃ ಸೇನೆಯೊಡನೆ ಬಂದು ಅದಕ್ಕೆ ಮುತ್ತಿಗೆ ಹಾಕಿದನು. ಆನಂತರ ಅಧಿಕಾರದ ಕೇಂದ್ರ ಸುರಪುರದಲ್ಲಿ ನೆಲೆಗೊಂಡಿತು. ಮೊಗಲ್ ಚಕ್ರವರ್ತಿಯ ಕೊನೆಯ ದಂಡಯಾತ್ರೆಗಳಲ್ಲೊಂದನ್ನು ಎದುರಿಸಿದ ವಾಗಣಗೇರಾ ಇಂದು ಒಂದು ಗ್ರಾಮ. ಸುರಪುರಕ್ಕೆ ಹೊಂದಿಕೊಂಡು ಬೆಳೆದ ರಂಗಂಪೇಟೆಯು ಅದೇ ನಗರಾಡಳಿತದ ಭಾಗವಾಯಿತು. ಆದರೆ ಹೆಸರಿನಲ್ಲಿಯೇ ವ್ಯಾಪಾರದ ಗುರುತನ್ನು ಹೊತ್ತ ಪೇಠ ಅಮ್ಮಾಪುರ ಗ್ರಾಮವಾಗಿಯೇ ಉಳಿದಿದೆ. ಹೀಗೆ ‘ಪೇಠ’, ‘ಪುರ’ ಎಂಬ ಉತ್ತರಪದ–ಪೂರ್ವಪದಗಳು ಒಂದು ಕಾಲದ ಸ್ಥಾನಮಾನವನ್ನು ಸೂಚಿಸುತ್ತವೆಯೇ ಹೊರತು ಇಂದಿನ ವರ್ಗವನ್ನಲ್ಲ.

1841ರಿಂದ ಸುಮಾರು ಒಂದು ದಶಕಕಾಲ ಸುರಪುರದ ಆಡಳಿತವನ್ನು ಕರ್ನಲ್ ಮೆಡೋಸ್ ಟೇಲರ್ ನೋಡಿಕೊಂಡನು. ರಾಜಾ ವೆಂಕಟಪ್ಪನಾಯಕನ 1858ರ ದಂಗೆಯ ತರುವಾಯ ಸಂಸ್ಥಾನವು ಬ್ರಿಟಿಷರ ವಶವಾಗಿ, 1860ರಲ್ಲಿ ಹೈದರಾಬಾದಿನ ನಿಜಾಮನಿಗೆ ವರ್ಗವಾಯಿತು. ಲಿಂಗಸುಗೂರು ಜಿಲ್ಲೆಗೆ ಸೇರಿದ್ದ ಸುರಪುರ, ಶಹಾಪುರ ತಾಲ್ಲೂಕುಗಳು 1905ರಲ್ಲಿ ಆ ಜಿಲ್ಲೆ ರದ್ದಾದಾಗ ಗುಲಬರ್ಗಾ ಜಿಲ್ಲೆಗೆ ಸೇರಿದವು. ನಿಜಾಮನ ಕಂದಾಯ ದಾಖಲೆಗಳ ಪರಿಭಾಷೆಯಲ್ಲಿ ಊರು ‘ಮೌಜೆ’ ಆಯಿತು. ಮುಖ್ಯ ಊರು ‘ಕಸಬೆ’ ಎನಿಸಿತು. ಜನವಸತಿ ಇಲ್ಲದ ಊರು ‘ಬೇಚಿರಾಕ್’ ಆಯಿತು. ಒಂದೇ ಹೆಸರಿನ ಎರಡು ಊರುಗಳಲ್ಲಿ ಹಿರಿದು ‘ಬುಜುರ್ಗ’, ಕಿರಿದು ‘ಖುರ್ದ’ ಎನಿಸಿ, ಈಗಲೂ ‘ಬಿ’, ‘ಕೆ’ ಎಂಬ ಅಕ್ಷರಗಳಾಗಿ ಊರ ಹೆಸರುಗಳ ಬಾಲದಲ್ಲಿ ಉಳಿದಿವೆ. ಈ ವರ್ಗೀಕರಣದ ಗುರಿ ಭೂಕಂದಾಯ. ಮೌಜೆಯೆಂದರೆ ಎಲ್ಲೆ ಗುರುತಿಸಿ, ಸರ್ವೆ ನಂಬರುಗಳಿಟ್ಟ ಭೂಪ್ರದೇಶ. ಮನೆಗಳ ಗುಂಪು ಅದರ ಒಂದು ಭಾಗ ಮಾತ್ರ. ಈ ಭೇದವನ್ನು ನೆನಪಿನಲ್ಲಿಡದಿದ್ದರೆ ಮುಂದೆ ಗಣತಿಯು ಮಾಡಿದ ಲೆಕ್ಕಾಚಾರ ಅರ್ಥವಾಗುವುದಿಲ್ಲ.

ಗಣತಿಯ ಅಳತೆಗೋಲು

ಹೈದರಾಬಾದ್ ಸಂಸ್ಥಾನದಲ್ಲಿ ಮೊದಲ ಜನಗಣತಿ ನಡೆದುದು 1881ರಲ್ಲಿ. 1901ರ ಭಾರತ ಗಣತಿಯು ‘ಪಟ್ಟಣ’ಕ್ಕೆ ಕೊಟ್ಟ ವ್ಯಾಖ್ಯೆ ಅರ್ಧಶತಮಾನದ ಕಾಲ ಹೆಚ್ಚು ಬದಲಾವಣೆಯಿಲ್ಲದೆ ಉಳಿಯಿತು. ಪೌರಸಭೆಗಳು, ಅವುಗಳ ಹೊರಗಿನ ಸಿವಿಲ್ ಲೈನುಗಳು, ದಂಡುಪ್ರದೇಶಗಳು, ಇವಲ್ಲದೆ 5,000ಕ್ಕೆ ಕಡಿಮೆಯಿಲ್ಲದ ಜನರು ಒತ್ತಾಗಿ ವಾಸಿಸುವ ಮತ್ತು ಗಣತಿಯ ಪ್ರಾಂತೀಯ ಅಧಿಕಾರಿಯು ಪಟ್ಟಣವೆಂದು ಪರಿಗಣಿಸಲು ಒಪ್ಪುವ ಮನೆಗಳ ಸಮೂಹ – ಇವು ಪಟ್ಟಣಗಳು. ಕೊನೆಯ ಷರತ್ತಿನಲ್ಲಿ ಅಧಿಕಾರಿಯ ವಿವೇಚನೆಗೆ ದೊರೆತ ಅವಕಾಶವು ದೊಡ್ಡದು. ಆದುದರಿಂದ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ, ಸಂಸ್ಥಾನದಿಂದ ಸಂಸ್ಥಾನಕ್ಕೆ ಪಟ್ಟಣದ ಅರ್ಥ ಬೇರೆಯಾಗುತ್ತಿತ್ತು.

ಈ ಅನಿಶ್ಚಯಕ್ಕೆ ಕಡಿವಾಣ ಹಾಕಿದುದು 1961ರ ಗಣತಿ. ಅಶೋಕ ಮಿತ್ರ ಅವರು ರಿಜಿಸ್ಟ್ರಾರ್ ಜನರಲ್ ಆಗಿದ್ದ ಆ ಗಣತಿಯಲ್ಲಿ ಮೂರು ಕಟ್ಟುನಿಟ್ಟಾದ ಷರತ್ತುಗಳು ಬಂದವು: ಕನಿಷ್ಠ 5,000 ಜನಸಂಖ್ಯೆ; ಚದರ ಮೈಲಿಗೆ 1,000ಕ್ಕೆ ಕಡಿಮೆಯಿಲ್ಲದ ಜನಸಾಂದ್ರತೆ; ದುಡಿಯುವ ಗಂಡಸರಲ್ಲಿ ಶೇಕಡಾ 75 ಮಂದಿಯಾದರೂ ಕೃಷಿಯೇತರ ಕೆಲಸದಲ್ಲಿರುವುದು. ಪರಿಣಾಮವಾಗಿ 1951ರಲ್ಲಿ ಪಟ್ಟಣಗಳೆನಿಸಿದ್ದ, ದೇಶದಾದ್ಯಂತ ಸುಮಾರು ಎಂಟುನೂರು ಊರುಗಳು ಒಂದೇ ಸಲಕ್ಕೆ ಗ್ರಾಮಗಳ ಪಟ್ಟಿಗೆ ಸರಿದವು. ಅಲ್ಲಿ ಯಾರೂ ಊರು ಬಿಟ್ಟಿರಲಿಲ್ಲ, ಅಂಗಡಿಗಳು ಮುಚ್ಚಿರಲಿಲ್ಲ. ಬದಲಾದುದು ವ್ಯಾಖ್ಯೆ. 1951 ಮತ್ತು 1961ರ ನಗರ ಜನಸಂಖ್ಯೆಯ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನಗರೀಕರಣದ ವೇಗವನ್ನು ಲೆಕ್ಕಹಾಕುವ ಸಂಶೋಧಕರು ಈ ಅಂಶವನ್ನು ಮರೆಯುವಂತಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಹೈದರಾಬಾದಿನ ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದ್ದು ಈ ಎರಡು ಗಣತಿಗಳ ನಡುವೆಯೇ ಎಂಬುದು ಹೋಲಿಕೆಯನ್ನು ಇನ್ನಷ್ಟು ತೊಡಕಾಗಿಸುತ್ತದೆ.

ಮೆಟ್ರಿಕ್ ಪದ್ಧತಿಯಲ್ಲಿ ಸಾಂದ್ರತೆಯ ಷರತ್ತು ಚದರ ಕಿಲೋಮೀಟರಿಗೆ 400 ಆಯಿತು. 1981ರಿಂದ ಗಂಡಸರ ಪೈಕಿ ‘ಮುಖ್ಯ ದುಡಿಮೆಗಾರ’ರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ಜೊತೆಗೆ ಪಶುಪಾಲನೆ, ಅರಣ್ಯ, ಮೀನುಗಾರಿಕೆ, ತೋಟಗಾರಿಕೆಗಳ ದುಡಿಮೆಯನ್ನು ಈ ಉದ್ದೇಶಕ್ಕೆ ಕೃಷಿಯೊಡನೆ ಸೇರಿಸಲಾಯಿತು. ನಗರಾಡಳಿತವುಳ್ಳ ಊರುಗಳನ್ನು ‘ಶಾಸನಬದ್ಧ ಪಟ್ಟಣ’ಗಳೆಂದೂ, ಆಡಳಿತದಲ್ಲಿ ಗ್ರಾಮಗಳಾಗಿದ್ದು ಈ ಮೂರು ಷರತ್ತುಗಳನ್ನು ಪೂರೈಸುವ ಊರುಗಳನ್ನು ‘ಗಣತಿ ಪಟ್ಟಣ’ಗಳೆಂದೂ ಬೇರ್ಪಡಿಸಲಾಗುತ್ತದೆ. 2001ರಲ್ಲಿ ದೇಶದಲ್ಲಿ 1,362 ಇದ್ದ ಗಣತಿ ಪಟ್ಟಣಗಳು 2011ರಲ್ಲಿ 3,892 ಆದವು. ಕರ್ನಾಟಕದ ಒಟ್ಟು ಪಟ್ಟಣಗಳು 270ರಿಂದ 347ಕ್ಕೆ ಏರಿದವು. ಈ ಏರಿಕೆಗೆ ಕಾರಣ ಮುಖ್ಯವಾಗಿ ಗಣತಿ ಪಟ್ಟಣಗಳೇ. 2011ರ ಪಟ್ಟಿಯನ್ನು ಗಣತಿಗೆ ಮೊದಲೇ, 2001ರ ಅಂಕಿಗಳ ಆಧಾರದಿಂದ, ಆಗ 4,000 ಜನಸಂಖ್ಯೆ ದಾಟಿದ್ದ ಊರುಗಳನ್ನು ಆಯ್ದು ಸಿದ್ಧಪಡಿಸಲಾಗಿತ್ತು. ಎಂದರೆ ಆ ಹತ್ತು ವರ್ಷಗಳಲ್ಲಿ ಕಸುಬು ಬದಲಿಸಿದ ಊರು 2011ರಲ್ಲಿಯೂ ಹಳೆಯ ವರ್ಗದಲ್ಲಿಯೇ ಎಣಿಕೆಗೊಂಡಿತು.

ಸುರಪುರ ಸೀಮೆಯಲ್ಲಿ ಷರತ್ತುಗಳ ಪರೀಕ್ಷೆ

ಈ ಮೂರು ಷರತ್ತುಗಳನ್ನು ಬೋನಾಳದಂತಹ ಊರಿನ ಮೇಲಿಟ್ಟು ನೋಡಿದಾಗ ಅವುಗಳ ಒಳಗುಟ್ಟು ಬಯಲಾಗುತ್ತದೆ. ಮೊದಲನೆಯದು ಸಾಂದ್ರತೆ. ಇದನ್ನು ಮನೆಗಳಿರುವ ಊರಪ್ರದೇಶಕ್ಕಲ್ಲ, ಕಂದಾಯ ಗ್ರಾಮದ ಇಡೀ ವಿಸ್ತೀರ್ಣಕ್ಕೆ ಲೆಕ್ಕಹಾಕಲಾಗುತ್ತದೆ. 5,000 ಜನರಿರುವ ಊರು ಚದರ ಕಿಲೋಮೀಟರಿಗೆ 400ರ ಮಿತಿಯನ್ನು ಮುಟ್ಟಬೇಕಾದರೆ ಅದರ ಒಟ್ಟು ವಿಸ್ತೀರ್ಣ 12.5 ಚದರ ಕಿಲೋಮೀಟರು, ಅಂದರೆ ಸುಮಾರು 3,090 ಎಕರೆಯನ್ನು ಮೀರಬಾರದು. ಒಣಬೇಸಾಯದ ಈ ಎರೆಭೂಮಿಯಲ್ಲಿ ಒಂದೊಂದು ಊರಿನ ಎಲ್ಲೆಯೂ ದೊಡ್ಡದು. ಒಂದು ಕುಟುಂಬದ ಹೊಟ್ಟೆ ತುಂಬಲು ಹೆಚ್ಚು ನೆಲ ಬೇಕಾಗುತ್ತಿದ್ದುದೇ ಇದಕ್ಕೆ ಕಾರಣ. ಕೆರೆಯ ನೀರಿನ ಹರವೂ ಗ್ರಾಮದ ವಿಸ್ತೀರ್ಣದೊಳಗೆ ಬಂದರೆ ಸಾಂದ್ರತೆ ಮತ್ತಷ್ಟು ಇಳಿಯುತ್ತದೆ. ಕರಾವಳಿಯ ಅಥವಾ ಕೇರಳದ ಊರಿಗೆ ಸುಲಭವಾದ ಈ ಷರತ್ತು ಬಯಲುಸೀಮೆಯ ಊರಿಗೆ ಕಠಿಣವಾಗುವುದು ಹೀಗೆ. ನಿಜಾಮನ ಕಾಲದಲ್ಲಿ ಭೂಕಂದಾಯಕ್ಕಾಗಿ ಎಳೆದ ಗೆರೆಯು ಇಂದು ನಗರತ್ವದ ಭಾಜಕವಾಗಿ ಕೆಲಸ ಮಾಡುತ್ತಿದೆ.

ಎರಡನೆಯದು ಕಸುಬು. ಕೆರೆಯನ್ನು ನಂಬಿದ ಮೀನುಗಾರಿಕೆ, ಕುರಿ ಸಾಕಣೆಗಳು ಕೃಷಿಯ ಪಂಗಡಕ್ಕೇ ಸೇರುವುದರಿಂದ ಅವು ಎಷ್ಟು ಬೆಳೆದರೂ ಊರಿನ ವರ್ಗವನ್ನು ಬದಲಿಸಲಾರವು. ಮಹಿಳೆಯರ ದುಡಿಮೆ ಈ ಷರತ್ತಿನ ಲೆಕ್ಕಕ್ಕೇ ಬರುವುದಿಲ್ಲ. ಮಗ್ಗದ ಮುಂದೆ ಕೂತ ಹೆಂಗಸು, ಬೀಡಿ ಕಟ್ಟುವವಳು, ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು ಊರನ್ನು ಪಟ್ಟಣವಾಗಿಸುವ ಎಣಿಕೆಯಿಂದ ಹೊರಗೆ. ನಾರಾಯಣಪುರದ ಬಸವಸಾಗರ ಜಲಾಶಯ ಮತ್ತು ಅದರ ಎಡದಂಡೆ ಕಾಲುವೆಯಿಂದ ಈ ಭಾಗಕ್ಕೆ 1980ರ ದಶಕದಲ್ಲಿ ನೀರಾವರಿ ಬಂದಿತು. ಅದರಿಂದ ಹಣದ ಓಡಾಟ, ವ್ಯಾಪಾರ ಹೆಚ್ಚಿದರೂ, ಕೃಷಿಯ ಕೂಲಿಯೂ ಅದರೊಡನೆ ಹೆಚ್ಚಿದುದರಿಂದ ಊರುಗಳು ಶೇಕಡಾ 75ರ ಗಡಿಯಿಂದ ದೂರವೇ ಉಳಿದವು. ಅದೇ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳು, ನೌಕರರ ವಸತಿಗಳಿಂದ ಬೆಳೆದ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿ 2001ರ ಗಣತಿಯಲ್ಲಿ ಗಣತಿ ಪಟ್ಟಣವಾಗಿ ಲೆಕ್ಕಕ್ಕೆ ಬಂದಿತು. ಒಂದೇ ಯೋಜನೆಯ ಕಾಲುವೆ ಹರಿದ ಊರು ಗ್ರಾಮ, ಅದರ ಕಚೇರಿ ಇದ್ದ ಊರು ಪಟ್ಟಣ.

ಮೂರನೆಯದು ತಲೆಯೆಣಿಕೆ. 2011ರ ಗಣತಿ ನಡೆದುದು ಫೆಬ್ರವರಿ 9ರಿಂದ 28ರವರೆಗೆ. ಈ ಅವಧಿಯುದ್ದಕ್ಕೂ ಊರಲ್ಲಿಲ್ಲದವರನ್ನು ಮನೆಯಲ್ಲಿ ಎಣಿಸದೆ, ಇದ್ದಲ್ಲಿ ಎಣಿಸುವುದು ನಿಯಮ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ಈ ಸೀಮೆಯ ಬಡ ಕುಟುಂಬಗಳ ಹಳೆಯ ಬವಣೆ. ಗುಳೆಯ ಹಂಗಾಮೂ ಗಣತಿಯ ದಿನಗಳೂ ಒಂದರ ಮೇಲೊಂದು ಬರುತ್ತವೆ. ಹೀಗಾಗಿ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿದ್ದ ಸುರಪುರದ ಕೂಲಿಕಾರ ಅಲ್ಲಿನ ನಗರ ಜನಸಂಖ್ಯೆಗೆ ಸೇರುತ್ತಾನೆ. ಮಳೆಗಾಲಕ್ಕೆ ಮರಳಿ ಬಂದು ಹೊಲದಲ್ಲಿ ನಿಂತಾಗ ಅವನ ಊರಿನ ಪುಸ್ತಕದಲ್ಲಿ ಅವನಿರುವುದಿಲ್ಲ. 2011ರಲ್ಲಿ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11,74,271. ಅದರಲ್ಲಿ ನಗರವಾಸಿಗಳು ಶೇಕಡಾ 19ಕ್ಕೂ ಕಡಿಮೆ. ಇಡೀ ರಾಜ್ಯದ ಪ್ರಮಾಣ ಶೇಕಡಾ 38.67. ಈ ಅಂತರದ ಹಿಂದೆ ಹಿಂದುಳಿದಿರುವಿಕೆಯ ಸತ್ಯವಿದೆ. ಅಳತೆಗೋಲಿನ ಪಾಲೂ ಇದೆ.

ಸಂವಿಧಾನ ಮತ್ತು ಶಾಸನಗಳ ಗ್ರಾಮ

ಗಣತಿಯ ಪಟ್ಟಣವು ಅಂಕಿಗಳ ಲೋಕದ್ದು. ತೆರಿಗೆ, ಚುನಾವಣೆ, ಅನುದಾನಗಳ ಲೋಕದಲ್ಲಿ ಬೇರೆ ವ್ಯಾಖ್ಯೆ ನಡೆಯುತ್ತದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯ ಪ್ರಕಾರ ಗ್ರಾಮವೆಂದರೆ ರಾಜ್ಯಪಾಲರು ಅಧಿಸೂಚನೆಯ ಮೂಲಕ ಗ್ರಾಮವೆಂದು ನಿರ್ದಿಷ್ಟಪಡಿಸಿದ್ದು. ಅದೇ ವರ್ಷ ಜಾರಿಯಾದ 74ನೆಯ ತಿದ್ದುಪಡಿಯು ನಗರಗಳನ್ನು ಬೃಹತ್ ನಗರ ಪ್ರದೇಶ, ಚಿಕ್ಕ ನಗರ ಪ್ರದೇಶ, ಗ್ರಾಮದಿಂದ ನಗರಕ್ಕೆ ಪರಿವರ್ತನೆಯಾಗುತ್ತಿರುವ ಪ್ರದೇಶ ಎಂದು ಮೂರಾಗಿ ವಿಂಗಡಿಸಿತು. ಜನಸಂಖ್ಯೆ, ಸಾಂದ್ರತೆ, ಸ್ಥಳೀಯ ವರಮಾನ, ಕೃಷಿಯೇತರ ಉದ್ಯೋಗ, ಆರ್ಥಿಕ ಮಹತ್ವಗಳನ್ನು ಗಮನಿಸಬೇಕೆಂದು ಹೇಳಿ, ಅಂಕಿಗಳನ್ನು ರಾಜ್ಯಗಳಿಗೆ ಬಿಟ್ಟಿತು. ಅದರಂತೆ ಕರ್ನಾಟಕ ಪೌರಸಭೆಗಳ ಅಧಿನಿಯಮ 1964ಕ್ಕೆ ಆದ ತಿದ್ದುಪಡಿಯು ಪರಿವರ್ತನೆಯ ಪ್ರದೇಶಕ್ಕೆ, ಅಂದರೆ ಪಟ್ಟಣ ಪಂಚಾಯಿತಿಗೆ, 10,000ದಿಂದ 20,000 ಜನಸಂಖ್ಯೆ, ಚದರ ಕಿಲೋಮೀಟರಿಗೆ 400 ಸಾಂದ್ರತೆ, ಶೇಕಡಾ 50 ಕೃಷಿಯೇತರ ಉದ್ಯೋಗವನ್ನು ಗೊತ್ತುಪಡಿಸಿತು. ಪುರಸಭೆಗೆ 20,000 ಮತ್ತು ನಗರಸಭೆಗೆ 50,000 ಜನಸಂಖ್ಯೆಯನ್ನು ಆರಂಭದ ಮಿತಿಯಾಗಿಟ್ಟು, ಸಾಂದ್ರತೆಯನ್ನು 1,500ಕ್ಕೆ ಏರಿಸಿತು.

ಗಣತಿಯ 75 ಮತ್ತು ಪೌರಸಭಾ ಕಾನೂನಿನ 50, ಗಣತಿಯ 5,000 ಮತ್ತು ಕಾನೂನಿನ 10,000 – ಈ ಎರಡು ಜೋಡಿಗಳ ನಡುವಿನ ಬಿರುಕಿನಲ್ಲಿ ಅನೇಕ ಊರುಗಳು ಬೀಳುತ್ತವೆ. ಗಣತಿಗೆ ಪಟ್ಟಣವಾಗಿದ್ದು ಪಂಚಾಯಿತಿಯಿಂದ ಆಳಿಸಿಕೊಳ್ಳುವ ಊರುಗಳುಂಟು. ಪುರಸಭೆಯಿದ್ದೂ ಹೊಲಗದ್ದೆಗಳೇ ಹೆಚ್ಚಿರುವ ಊರುಗಳೂ ಉಂಟು. ಬ್ಯಾಂಕುಗಳದು ಮತ್ತೊಂದೇ ಲೆಕ್ಕ. ಭಾರತೀಯ ರಿಸರ್ವ್ ಬ್ಯಾಂಕಿನ ವಿಂಗಡಣೆಯಲ್ಲಿ 10,000ಕ್ಕಿಂತ ಕಡಿಮೆ ಜನಸಂಖ್ಯೆಯ ಕೇಂದ್ರ ಗ್ರಾಮೀಣ, ಅಲ್ಲಿಂದ ಒಂದು ಲಕ್ಷದೊಳಗಿನದು ಅರೆನಗರ. ಈ ಲೆಕ್ಕದಲ್ಲಿ 2011ರಲ್ಲಿ 51,398 ಜನರಿದ್ದ ಸುರಪುರ, 53,366 ಜನರಿದ್ದ ಶಹಾಪುರ ಎರಡೂ ಅರೆನಗರಗಳು; ಪೌರಾಡಳಿತದಲ್ಲಿ ಅವು ನಗರಸಭೆಗಳು.

ಗೆರೆಯ ಎರಡು ಬದಿ

ಈ ಭೇದಗಳು ಕೇವಲ ಪರಿಭಾಷೆಯ ಸಂಗತಿಗಳಾಗಿದ್ದರೆ ಅವುಗಳ ಚರಿತ್ರೆಗೆ ಇಷ್ಟು ಮಹತ್ವ ಬರುತ್ತಿರಲಿಲ್ಲ. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮವು 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಮೊದಲು ಜಾರಿಯಾದಾಗ ಸುರಪುರ, ಶಹಾಪುರಗಳನ್ನು ಒಳಗೊಂಡಿದ್ದ ಅಂದಿನ ಗುಲಬರ್ಗಾ ಜಿಲ್ಲೆ ಅವುಗಳಲ್ಲೊಂದಾಗಿತ್ತು. ವರ್ಷಕ್ಕೆ ನೂರು ದಿನಗಳ ಕೂಲಿಯ ಹಕ್ಕನ್ನು ಕೊಟ್ಟ ಈ ಕಾನೂನು ಗ್ರಾಮೀಣ ಕುಟುಂಬಗಳಿಗೆ ಮಾತ್ರ ಅನ್ವಯಿಸುವಂಥದಾಗಿತ್ತು. ಊರು ಪುರಸಭೆಯಾದ ದಿನ ಆ ಹಕ್ಕು ನಿಲ್ಲುತ್ತಿತ್ತು. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಕರ್ನಾಟಕ ಕೊಟ್ಟಿರುವ ಗ್ರಾಮೀಣ ವ್ಯಾಸಂಗದ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿರಬೇಕು. ಪಟ್ಟಣ ಪಂಚಾಯಿತಿಯ ಎಲ್ಲೆಯೊಳಗಿನ ಶಾಲೆ ಅದಕ್ಕೆ ಸಲ್ಲುವುದಿಲ್ಲ. ಮನೆ ಕಟ್ಟುವ ಸಹಾಯಧನ, ಮನೆ ಕಂದಾಯ, ನೀರಿನ ಕರ ಎಲ್ಲವೂ ಗೆರೆಯ ಎರಡು ಬದಿಯಲ್ಲಿ ಬೇರೆ ಬೇರೆ. ಬಡತನದ ವ್ಯಾಖ್ಯೆಯೂ ಬೇರೆ: ತೆಂಡೂಲ್ಕರ್ ವಿಧಾನದಂತೆ 2011–12ರಲ್ಲಿ ಅಖಿಲ ಭಾರತದ ಮಾಸಿಕ ತಲಾ ಬಡತನರೇಖೆ ಗ್ರಾಮಗಳಿಗೆ 816 ರೂಪಾಯಿ, ನಗರಗಳಿಗೆ 1,000 ರೂಪಾಯಿ.

2011ರ ಗಣತಿಯ ನಂತರದ ವರ್ಷಗಳಲ್ಲಿ ಈ ಸೀಮೆಯ ಕೆಂಭಾವಿ ಮತ್ತು ಕಕ್ಕೇರಾ ಗ್ರಾಮ ಪಂಚಾಯಿತಿಗಳು ಪುರಸಭೆಗಳಾದವು. 2018ರಲ್ಲಿ ತಾಲ್ಲೂಕು ಕೇಂದ್ರವಾದ ಹುಣಸಗಿ ಪಟ್ಟಣ ಪಂಚಾಯಿತಿಯನ್ನು ಪಡೆಯಿತು. ಕಕ್ಕೇರಾದ ಸುತ್ತ ಹೊಲಗಳ ನಡುವೆ ಚದುರಿದ ದೊಡ್ಡಿಗಳು ಅನೇಕ. ಅಲ್ಲಿ ವಾಸಿಸುವ ಒಕ್ಕಲು ಕುಟುಂಬಗಳೂ ಊರಿನೊಡನೆ ಪುರಸಭೆಯ ವ್ಯಾಪ್ತಿಗೆ ಬಂದವು. ನಗರವಾಸಿಯೆಂಬ ಹೆಸರು ಬಂದರೂ ಬೀದಿದೀಪ, ಚರಂಡಿ, ಕೊಳಾಯಿಗಳನ್ನು ಒತ್ತಾದ ಪೇಟೆಗೆ ಒದಗಿಸಿದಷ್ಟು ಸುಲಭವಾಗಿ ಹೊಲದ ನಡುವಿನ ದೊಡ್ಡಿಗೆ ಒದಗಿಸಲಾಗದು. ಬಡ್ತಿಯಿಂದ ಪೇಟೆಯ ವರ್ತಕನಿಗೆ ಆಗುವ ಲಾಭವೂ ದೊಡ್ಡಿಯ ಕೂಲಿಕಾರನಿಗೆ ಆಗುವ ನಷ್ಟವೂ ಒಂದೇ ಅಧಿಸೂಚನೆಯ ಎರಡು ಮುಖಗಳು.

ಗ್ರಾಮವೂ ಅಲ್ಲದ ವಸತಿಗಳು

ಗ್ರಾಮ–ನಗರಗಳ ನಡುವಿನ ಗೆರೆಯ ಬಗೆಗೆ ಸಾಕಷ್ಟು ಬರವಣಿಗೆ ಬಂದಿದೆ. ಅದರ ಕೆಳಗಿರುವ ಇನ್ನೊಂದು ಗೆರೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತಾಂಡಾ, ದೊಡ್ಡಿ, ಹಟ್ಟಿ, ಹಾಡಿಗಳು ಯಾವುದೋ ಮೌಜೆಯ ಸರ್ವೆ ನಂಬರಿನಲ್ಲಿ ಅಡಗಿರುವ ವಸತಿಗಳು. ಜನವಿಲ್ಲದ ಬೇಚಿರಾಕ್ ಊರಿಗೆ ಕಂದಾಯ ದಾಖಲೆಯಲ್ಲಿ ಹೆಸರುಂಟು. ನೂರಾರು ಜನರಿರುವ ತಾಂಡಾಕ್ಕೆ ಹೆಸರಿಲ್ಲ. ಹೆಸರಿಲ್ಲದ ಕಡೆ ಮನೆಯ ಅಡಿಯ ನೆಲಕ್ಕೆ ಹಕ್ಕುಪತ್ರವಿಲ್ಲ, ಹಕ್ಕುಪತ್ರವಿಲ್ಲದೆ ಸಾಲವಿಲ್ಲ. ಇದನ್ನು ಸರಿಪಡಿಸಲು ರಾಜ್ಯವು ಭೂಕಂದಾಯ, ಭೂಸುಧಾರಣೆಯ ಕಾನೂನುಗಳನ್ನು ತಿದ್ದಿ, ಇಂತಹ ವಸತಿಗಳನ್ನು ಕಂದಾಯ ಗ್ರಾಮಗಳಾಗಿ ಘೋಷಿಸುವ ಕೆಲಸವನ್ನು ಕೈಗೊಂಡಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳಲ್ಲಿ ಸುಮಾರು 1,475 ದಾಖಲೆರಹಿತ ವಸತಿಗಳು ಹೀಗೆ ಹೊಸ ಕಂದಾಯ ಗ್ರಾಮಗಳಾದವು. 2023ರ ಜನವರಿ 19ರಂದು ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯ ಕಾರ್ಯಕ್ರಮ ನಡೆಯಿತು. ಅವುಗಳಲ್ಲಿ ಬಹುಪಾಲು ಬಂಜಾರ ಸಮುದಾಯದ ಕುಟುಂಬಗಳು. ಇವರ ಪಾಲಿಗೆ ‘ಗ್ರಾಮ’ ಎನಿಸಿಕೊಳ್ಳುವುದೇ ಒಂದು ಬಡ್ತಿ. ಪಟ್ಟಣವಾಗಲು ಹಿಂಜರಿಯುವ ಊರು ಮತ್ತು ಗ್ರಾಮವಾಗಲು ಕಾದು ಕೂತ ತಾಂಡಾ ಒಂದೇ ಸೀಮೆಯಲ್ಲಿ, ಒಂದೇ ದಶಕದಲ್ಲಿ ಕಂಡುಬರುವುದು ಈ ವರ್ಗೀಕರಣದ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತದೆ.

ಸಮಾರೋಪ

ನಗರಕ್ಕೆ ಜಗತ್ತಿನಲ್ಲಿ ಒಂದೇ ವ್ಯಾಖ್ಯೆಯಿಲ್ಲ. ಡೆನ್ಮಾರ್ಕಿನಲ್ಲಿ 200 ಜನರ ವಸತಿಯೂ ನಗರವರ್ಗಕ್ಕೆ ಸೇರಿದರೆ, ಜಪಾನಿನಲ್ಲಿ ನಗರವೆನಿಸಲು 50,000 ಜನಸಂಖ್ಯೆ ಸಾಮಾನ್ಯ ಮಿತಿ. 2020ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗವು ಹೋಲಿಕೆಗಾಗಿ ಅಂಗೀಕರಿಸಿದ ವಿಧಾನವು ಆಡಳಿತದ ಎಲ್ಲೆಗಳನ್ನು ಬದಿಗಿಟ್ಟು, ಒಂದೊಂದು ಚದರ ಕಿಲೋಮೀಟರಿನ ಚೌಕಗಳಲ್ಲಿ ಜನರ ಒತ್ತಣೆಯನ್ನು ನೋಡುತ್ತದೆ. ಕೆರೆ, ಹೊಲಗಳ ಭಾರದಿಂದ ಊರನ್ನು ಬಿಡಿಸಿ ನೋಡುವ ಈ ಕ್ರಮ ಬಯಲುಸೀಮೆಯ ಅಧ್ಯಯನಕ್ಕೆ ಉಪಯುಕ್ತ. ಆದರೆ ಕಸುಬನ್ನು ಅದು ಕೇಳುವುದೇ ಇಲ್ಲ ಎಂಬ ಮಿತಿಯನ್ನೂ ಗಮನಿಸಬೇಕು.

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಗ್ರಾಮ–ನಗರ ಎಂಬುದು ಊರಿನ ಸಹಜಗುಣವಲ್ಲ; ಶಾಸನಕಾಲದಲ್ಲಿ ವಾಣಿಜ್ಯ, ನಿಜಾಮನ ಕಾಲದಲ್ಲಿ ಕಂದಾಯ, ಆಧುನಿಕ ಕಾಲದಲ್ಲಿ ಅಂಕಿಅಂಶ ಮತ್ತು ಅನುದಾನ ಹೀಗೆ ಆಯಾ ಕಾಲದ ಆಡಳಿತದ ಅಗತ್ಯವು ಅದನ್ನು ರೂಪಿಸಿದೆ. ಎರಡು, ಹಳೆಯ ಅಳತೆಗಳು ಹೊಸ ಅಳತೆಗಳ ಒಳಗೆ ಸೇರಿಕೊಂಡು ಮುಂದುವರಿಯುತ್ತವೆ. ಮೌಜೆಯ ಎಲ್ಲೆ ಗಣತಿಯ ಸಾಂದ್ರತೆಯಾದುದು ಇದಕ್ಕೆ ಸಾಕ್ಷಿ. ಮೂರು, ಕಲ್ಯಾಣ ಕರ್ನಾಟಕದ ನಗರೀಕರಣದ ಅಂಕಿಗಳನ್ನು ಬಳಸುವಾಗ ಆಯಾ ಗಣತಿಯ ವ್ಯಾಖ್ಯೆಯನ್ನೂ ಎಣಿಕೆಯ ತಿಂಗಳನ್ನೂ ಜೊತೆಗಿಟ್ಟು ಓದಬೇಕು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರದಿನವೆಂದು 2025ರ ಜೂನ್ ತಿಂಗಳಲ್ಲಿ ಅಧಿಸೂಚನೆ ಹೊರಟಿದೆ. ಎಣಿಕೆ ನಡೆಯುವುದು ಫೆಬ್ರವರಿಯಲ್ಲಿಯೇ, ಅಂದರೆ ಗುಳೆಯ ಹಂಗಾಮಿನಲ್ಲಿಯೇ. ಹೊಸದಾಗಿ ಹೆಸರು ಪಡೆದ ತಾಂಡಾಗಳು, ಪುರಸಭೆಯ ಎಲ್ಲೆಯೊಳಗೆ ಬಂದ ದೊಡ್ಡಿಗಳು, ಕೆರೆಯ ದಡದ ಬೋನಾಳದಂತಹ ಊರುಗಳು ಆ ಪುಸ್ತಕಗಳಲ್ಲಿ ಯಾವ ವರ್ಗದಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದರ ಮೇಲೆ ಮುಂದಿನ ಹಲವು ವರ್ಷಗಳ ಅನುದಾನ, ಪ್ರಾತಿನಿಧ್ಯಗಳು ಅವಲಂಬಿಸಿರುತ್ತವೆ. ಪ್ರತಿ ಊರಿನ ವರ್ಗ ಎಂದು, ಯಾವ ಅಧಿಸೂಚನೆಯಿಂದ, ಯಾವ ಅಂಕಿಗಳ ಆಧಾರದಿಂದ ಬದಲಾಯಿತೆಂಬುದನ್ನು ತಾಲ್ಲೂಕುವಾರು ಸಂಗ್ರಹಿಸಿಡುವುದು ಸ್ಥಳೀಯ ಇತಿಹಾಸಕಾರರು ಕೈಗೊಳ್ಳಬೇಕಾದ, ತುರ್ತಾಗಿ ಆಗಬೇಕಾದ ಕೆಲಸವಾಗಿದೆ.